ನಾಲ್ಕನೆಯ ಉತ್ತರ

ತರಗತಿ ಒಕ್ಕೊರಲಿನಿಂದ ಪಾಠ ಒಪ್ಪಿಸುವಾಗ ನಾನು ಬರೀ ತುಟಿ ಆಡಿಸುತ್ತೇನೆ, ದನಿಯನ್ನೇ ಹೊರಡಿಸುವುದಿಲ್ಲ. ಇದು ಯಾರಿಗಾದರೂ ಗೊತ್ತಾಗಿಬಿಟ್ಟಿದೆಯೇನೋ! ಯಲ್ದೂರಿನಿಂದ ಹೊರಟ ಬೆಳಗಿನ ಬಸ್ಸಿನಲ್ಲಿ ಶ್ರೀವಾಣಿ ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡು ಇಷ್ಟನ್ನು ಬರೆದಳು. ಬರೆದವಳೇ, ಪಕ್ಕದಲ್ಲಿ ಮಾವಿನಕಾಯಿ ಚೀಲ ಹಿಡಿದು ಕೂತಿದ್ದ ಹೆಂಗಸು ಎಲ್ಲಿ ಓದಿಬಿಡುತ್ತಾಳೋ ಎಂದು ಅಂಗೈ ಅಡ್ಡ ಇಟ್ಟಳು. ಆ ಹೆಂಗಸು ಕಿಟಕಿಗೆ ತಲೆಯಾನಿಸಿ ಆಗಲೇ ನಿದ್ದೆ ಹೋಗಿದ್ದಳು.

ವಿದ್ಯಾರ್ಥಿನಿಯಾಗಿದ್ದರೆ ಇದೇನೂ ದೊಡ್ಡ ವಿಷಯವಲ್ಲ. ಆದರೆ ಶ್ರೀವಾಣಿ ಅಲ್ಲಿ ಟೀಚರ್.

ಕೋಲಾರದ ಕ್ಲಾಕ್ ಟವರ್ ಹತ್ತಿರ, ಕನ್ನಡಕದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅರುಣ್‌ಕುಮಾರ್ ಅವರ ಭಾಷಾ ಕೇಂದ್ರವಿತ್ತು. ಹಿಂದೆ ಅಲ್ಲಿ ಟೈಪಿಂಗ್ ಕಲಿಸುತ್ತಿದ್ದರು, ಆಮೇಲೆ ಸ್ಪೋಕನ್ ಇಂಗ್ಲಿಷ್. ಈಗೊಂದು ವರ್ಷದಿಂದ ಇಟಾಲಿಯನ್. ಇಟಲಿಯ ಆಸ್ಪತ್ರೆಗಳಿಗೂ ವೃದ್ಧಾಶ್ರಮಗಳಿಗೂ ನರ್ಸುಗಳು ಬೇಕಂತೆ, ಬೆಂಗಳೂರಿನ ಏಜೆನ್ಸಿಯೊಂದು ಕಳಿಸುತ್ತದಂತೆ, ವಿಡಿಯೋ ಕಾಲ್‌ನಲ್ಲಿ ಸಂದರ್ಶನ ಮಾಡುತ್ತಾರಂತೆ, ನಾಲ್ಕು ಮಾತು ಬಂದರೆ ಸಾಕಂತೆ ಎಂಬ ಸುದ್ದಿ ಹಬ್ಬಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ನರ್ಸಿಂಗ್ ಓದಿದ ಹದಿನೆಂಟು ಹುಡುಗಿಯರು ದಿನಾ ಬಸ್ಸು ಹತ್ತಿ ಬರುತ್ತಿದ್ದರು. ಅರುಣ್‌ಕುಮಾರ್ ಅವರಿಗೆ ಇಟಾಲಿಯನ್ನಿನ ಒಂದಕ್ಷರವೂ ಬಾರದು. ಅದು ಅಪರಾಧವಲ್ಲ, ನಮ್ಮಲ್ಲಿ ಯಾರಿಗೆ ತಾನೇ ಬರುತ್ತದೆ? ಬಾರದಿದ್ದರೂ ಅದನ್ನು ಹೇಗೆ ಕಲಿಸಬೇಕು ಎನ್ನುವುದು ಮಾತ್ರ ಅವರಿಗೆ ಬಹಳ ಚೆನ್ನಾಗಿ ಗೊತ್ತಿತ್ತು. ಶ್ರೀವಾಣಿಯ ಮೈ ಉರಿಯುತ್ತಿದ್ದದ್ದು ಅದಕ್ಕೆ.

ಅವರ ಪದ್ಧತಿ ಇದು. ಅರವತ್ತು ಪ್ರಶ್ನೆ, ಅರವತ್ತು ಉತ್ತರ. ಉತ್ತರಗಳನ್ನು ಶ್ರೀವಾಣಿ ಕನ್ನಡ ಲಿಪಿಯಲ್ಲಿ ಬರೆದು ಕೊಡಬೇಕು, ಹುಡುಗಿಯರು ಮಗ್ಗಿಯ ಹಾಗೆ ನಂಬರಿನ ಪ್ರಕಾರ ಉರು ಹೊಡೆಯಬೇಕು. ಅರುಣ್‌ಕುಮಾರ್ "ಏಳು!" ಎಂದು ಕೂಗಿದರೆ ಹದಿನೆಂಟು ಬಾಯಿಗಳಿಂದ ಏಳನೆಯ ಉತ್ತರ ಹೊರಡಬೇಕು. ಮೊದಲ ಎರಡು ತಿಂಗಳು ಒಬ್ಬೊಬ್ಬರೇ ಬಾಯಿ ತೆಗೆಯುವ ಹಾಗಿಲ್ಲ.

"ಸಿಮೆಂಟು ನೋಡಿದೀರಾ?" ಎಂದು ಅವರು ಪ್ರತಿ ಸೋಮವಾರ ಕೇಳುತ್ತಿದ್ದರು. "ಹಸಿ ಇರೋವಾಗ ನಾಯಿ ಕಾಲಿಟ್ರೆ ಏನಾಗತ್ತೆ? ಗುರುತು ಸಾಯೋವರೆಗೂ ಹೋಗಲ್ಲ. ನಾಲಿಗೇನೂ ಅಷ್ಟೇ. ಒಂದ್ಸಲ ತಪ್ಪು ಕೂತ್ರೆ ಏಳಲ್ಲ. ಮೊದ್ಲು ಗಟ್ಟಿ ಆಗ್ಲಿ, ಆಮೇಲೆ ಮಾತು."

ಶ್ರೀವಾಣಿ ಮೂಲೆಯ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಇದು ಸುಳ್ಳು ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಬಿ.ಎ. ಮುಗಿಸಿ ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಎರಡು ವರ್ಷ ಇಟಾಲಿಯನ್ ಡಿಪ್ಲೊಮಾ ಮಾಡಿದ್ದಳು. ಫ್ರೆಂಚ್ ತರಗತಿ ಭರ್ತಿಯಾಗಿತ್ತು ಎನ್ನುವುದೊಂದೇ ಕಾರಣ. ಅಲ್ಲಿ ಕಲಿಸುತ್ತಿದ್ದ ಬಿಳಿಗೂದಲ ಹೆಂಗಸು ಮೊದಲನೆಯ ದಿನವೇ, ವರ್ಣಮಾಲೆ ಕೂಡ ಹೇಳಿಕೊಡದೆ, ಶ್ರೀವಾಣಿಯ ಮುಂದೆ ಖಾಲಿ ಲೋಟ ಹಿಡಿದು ನಿಂತುಬಿಟ್ಟಿದ್ದಳು. ನೀರು ಕೇಳು, ಕೇಳಿದರೆ ಮಾತ್ರ ಸಿಗುತ್ತದೆ! ಶ್ರೀವಾಣಿ ಅವತ್ತು ಕಕ್ಕಸಿಗೆ ಹೋಗಿ ಅತ್ತಳು. ಮೂರನೆಯ ವಾರಕ್ಕೆ ನೀರು ಕೇಳಿದಳು, ಉಪ್ಪು ಕೇಳಿದಳು, ಬಸ್ಸು ತಪ್ಪಿದ ಕಥೆ ಹೇಳಿದಳು. ನೂರು ತಪ್ಪು ಮಾಡಿದಳು. ಒಂದಾದರೂ ನಾಲಿಗೆಯ ಮೇಲೆ ಉಳಿಯಲಿಲ್ಲ. ಕನ್ನಡದಲ್ಲೇ ನಾಲ್ಕು ಜನರ ಮುಂದೆ ಬಾಯಿ ಬಿಡಲಾರದ ತನ್ನಂಥವಳಿಗೇ ಅದು ಸಾಧ್ಯವಾಗಿತ್ತು. ಅಷ್ಟು ತಿಳಿದೂ ಇಲ್ಲಿಗೆ ಬಂದು ಅರವತ್ತು ಉತ್ತರಗಳನ್ನು ದುಂಡಗೆ ಬರೆದು ಕೊಟ್ಟವಳು ಯಾರು? ಅದೇ ಶ್ರೀವಾಣಿ. ಡೈರಿಯಲ್ಲಿ ಈ ವಾಕ್ಯದ ಕೆಳಗೆ ಪೆನ್ನು ಒತ್ತಿ ಗೆರೆ ಎಳೆದು ಹಾಳೆ ಹರಿದಿತ್ತು.

ಈ ತಂಡದ ಮೊದಲ ಸಂದರ್ಶನದ ದಿನ ಬಂತು. ಏಜೆನ್ಸಿಯವರು ಆರಿಸಿದ ಮೊದಲ ಹೆಸರು ನಾಹಿದ್‌ಳದು. ನಂಗಲಿಯ ಹುಡುಗಿ, ಹೆದ್ದಾರಿಯ ಪಕ್ಕದಲ್ಲೇ ಅವಳ ಅಪ್ಪನ ಪಂಕ್ಚರ್ ಅಂಗಡಿ. ಕೋಲಾರದ ಒಂದು ನರ್ಸಿಂಗ್ ಹೋಮಿನಲ್ಲಿ ಒಂದು ವರ್ಷ ಕೆಲಸ ಮಾಡಿದ್ದಳು. ವಾಚಾಳಿ. ತರಗತಿಯಲ್ಲಿ ಮಾತ್ರ ಅವಳ ಮಾತಿಗೆ ಜಾಗವಿರಲಿಲ್ಲ.

ಅರುಣ್‌ಕುಮಾರ್ ಒಂದು ಏರ್ಪಾಡು ಮಾಡಿಕೊಂಡಿದ್ದರು. ಲ್ಯಾಪ್‌ಟಾಪಿನ ಹಿಂದೆ, ಪರದೆಯಲ್ಲಿರುವವರಿಗೆ ಕಾಣದ ಹಾಗೆ, ತಾವು ನಿಲ್ಲುವುದು. ಪ್ರಶ್ನೆಗಳು ತಮ್ಮ ಪಟ್ಟಿಯ ಕ್ರಮದಲ್ಲೇ ಬರುತ್ತವೆ ಎಂದು ನಂಬಿ, ಒಂದು, ಎರಡು, ಮೂರು ಎಂದು ಉತ್ತರದ ನಂಬರಿನಷ್ಟು ಬೆರಳು ಎತ್ತುತ್ತಾ ಹೋಗುವುದು. "ನನ್ ಕೈ ನೋಡು, ಅವ್ರ ಮುಖ ನೋಡ್ಬೇಡ. ಮುಖ ನೋಡಿದ್ರೆ ಗಾಬ್ರಿ ಆಗ್ತೀಯ" ಎಂದು ಅಪ್ಪಣೆಯಾಗಿತ್ತು. ಬಿಸಿಲು ಪರದೆಗೆ ಹೊಡೆಯದಂತೆ ಕಿಟಕಿಯ ಬಟ್ಟೆ ಎಳೆದು ಹಿಡಿದುಕೊಳ್ಳುವುದು ಶ್ರೀವಾಣಿಯ ಕೆಲಸ. ಇಟಾಲಿಯನ್ ಬರುವವಳು ಕಿಟಕಿಯ ಹತ್ತಿರ, ಬಾರದವರು ಬೆರಳೆತ್ತುವ ಜಾಗದಲ್ಲಿ!

ಪರದೆಯಲ್ಲಿ ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು ಬಂದಳು, ಹೆಸರು ಕೇಳಿದಳು. ಒಂದು ಬೆರಳು. ನಾಹಿದ್ ಹೆಸರು ಹೇಳಿದಳು. ಹೆಂಗಸು ನಕ್ಕು, ನಿಮ್ಮಲ್ಲಿ ಈಗ ಊಟದ ಹೊತ್ತಲ್ಲವೇ, ಊಟ ಆಯಿತೇ ಎಂದಳು. ಅರುಣ್‌ಕುಮಾರ್ ಎರಡು ಬೆರಳು ಎತ್ತಿದರು. "ನಮ್ಮ ಊರು ನಂಗಲಿ, ಅದು ಹೆದ್ದಾರಿಯ ಪಕ್ಕದಲ್ಲಿದೆ" ಎಂದಳು ನಾಹಿದ್. ಹೆಂಗಸಿನ ಹುಬ್ಬು ಮೇಲೇರಿತು. ಹೆದರಬೇಡ ಮಗಳೇ, ನಿಧಾನವಾಗಿ ಮಾತಾಡು ಎಂದಳು. ಮೂರು ಬೆರಳು. "ನಾನು ಆಸ್ಪತ್ರೆಯಲ್ಲಿ ಒಂದು ವರ್ಷ ಕೆಲಸ ಮಾಡಿದ್ದೇನೆ."

ಆಗ ಹೆಂಗಸು ಮುಂದಕ್ಕೆ ಬಾಗಿ, ಬಿಡಿಬಿಡಿಯಾಗಿ ಕೇಳಿದಳು: "ಆ ಕೋಣೆಯಲ್ಲಿ ನಿನ್ನ ಜೊತೆ ಬೇರೆ ಯಾರಾದರೂ ಇದ್ದಾರೆಯೇ?"

ಶ್ರೀವಾಣಿ ನೋಡುತ್ತಿದ್ದಳು. ನಾಹಿದ್‌ಳ ಕಣ್ಣು ಥಟ್ಟನೆ ಅರುಣ್‌ಕುಮಾರ್ ಅವರ ಬೆರಳು ಬಿಟ್ಟು ಅವರ ಮುಖಕ್ಕೆ ಹೋಯಿತು. ಬಾಯಿ ತೆರೆಯಿತು. "ಸೀ..." ಎಂದಳು, ಹೌದು ಎಂದರ್ಥ. ಅರುಣ್‌ಕುಮಾರ್ ಹಲ್ಲು ಕಚ್ಚಿ ನಾಲ್ಕು ಬೆರಳನ್ನು ಅವಳ ಮೂಗಿನ ಮುಂದೆ ಅಲ್ಲಾಡಿಸಿದರು. ನಾಹಿದ್ ಕಣ್ಣನ್ನು ಮತ್ತೆ ಬೆರಳಿಗೆ ತಂದಳು. ನಾಲ್ಕನೆಯ ಉತ್ತರ ಒಪ್ಪಿಸಿದಳು: "ನಾವು ಐದು ಜನ. ಅಪ್ಪ, ಅಮ್ಮ, ಇಬ್ಬರು ತಮ್ಮಂದಿರು ಮತ್ತು ನಾನು."

ಹೆಂಗಸು ಕನ್ನಡಕ ತೆಗೆದು, ಧನ್ಯವಾದ ಹೇಳಿ, ಹೊರಟುಹೋದಳು.

ಕಿಟಕಿಯ ಬಟ್ಟೆ ಶ್ರೀವಾಣಿಯ ಮುಷ್ಟಿಯಲ್ಲೇ ಇತ್ತು. ಈಗಲೇ ಹೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ಅರುಣ್‌ಕುಮಾರ್ ಶುರು ಮಾಡಿದ್ದರು.

"ಎರಡು ತಿಂಗಳು ಅರೆದು ಕುಡಿಸಿದ್ದೀನಲ್ಲಮ್ಮ! ಒಂದು ಪ್ರಶ್ನೆ ಅರ್ಥ ಮಾಡ್ಕೊಳ್ಳೋಕೆ ಆಗಲ್ವಾ? ಲಾರಿ ಸ್ಟ್ಯಾಂಡಲ್ಲಿ ಬೆಳೆದ ನಾಲಿಗೆ, ಅದಕ್ಕೆ ಯುರೋಪು ಬೇಕಂತೆ ಯುರೋಪು! ಹೋಗು, ಹಿಂದಿನ ಬೆಂಚಲ್ಲಿ ಕೂತ್ಕೋ. ಮುಂದಿನ ಸಲ ನಿನ್ ಹೆಸರು ಕಳಿಸಲ್ಲ."

ನಾಹಿದ್ ಹೊರಗಿನ ಹಾಲಿಗೆ ಹೋಗಿ ಕೂತಳು. ಶ್ರೀವಾಣಿ ಕಿಟಕಿಯ ಬಟ್ಟೆಯ ಸುಕ್ಕು ಬಿಡಿಸಿ ತನ್ನ ಮೂಲೆಯ ಕುರ್ಚಿಗೆ ಹೋದಳು. ಸಂಜೆಯ ಬಸ್ಸಿನಲ್ಲಿ ಡೈರಿ ತೆಗೆದರೆ ಬರೆಯಲು ಕೈ ಬರಲಿಲ್ಲ. 'ನಾಲ್ಕು ಬೆರಳು' ಎಂದಷ್ಟೇ ಬರೆದು ಮುಚ್ಚಿದಳು.

ಮರುದಿನ ಊಟದ ಬಿಡುವಿನಲ್ಲಿ ಅವಳು ತಾರಸಿಗೆ ಹೋದಳು. ನೀರಿನ ಟ್ಯಾಂಕಿನ ನೆರಳಿನಲ್ಲಿ ನಾಹಿದ್ ಮತ್ತು ಸುನಂದ ಡಬ್ಬಿ ಬಿಚ್ಚಿ ಕೂತಿದ್ದರು. ಸುನಂದ ಹುತ್ತೂರಿನವಳು, ಮದುವೆಯಾದವಳು, ಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬಸ್ಸು ಹತ್ತುವವಳು. ತರಗತಿಗೆಲ್ಲ ಅವಳೇ ಅಕ್ಕ.

"ಬನ್ನಿ ಮಿಸ್, ಊಟ ಆಯ್ತಾ?" ಎಂದಳು ನಾಹಿದ್. ಅತ್ತ ಕಣ್ಣು ಇನ್ನೂ ಊದಿಕೊಂಡಿತ್ತು.

ಶ್ರೀವಾಣಿಗೆ ಏನನ್ನಿಸಿತೋ, "ಆ ಮಂಜಾತೊ?" ಎಂದಳು. ಡಿಪ್ಲೊಮಾ ಮುಗಿದ ಮೇಲೆ ಅವಳ ಬಾಯಿಂದ ಗಟ್ಟಿಯಾಗಿ ಹೊರಟ ಮೊದಲ ಇಟಾಲಿಯನ್ ಮಾತು ಅದು. "ಊಟ ಆಯ್ತಾ ಅಂತ. ನೆನ್ನೆ ಆಯಮ್ಮ ಕೇಳಿದ್ದು ಅದೇ."

"ಗೊತ್ತು ಮಿಸ್" ಎಂದಳು ನಾಹಿದ್. "ಮಂಜಾ, ಮಂಜಾ ಅಂದ್ರಲ್ಲ. ಕೈ ಬೇರೆ ಬಾಯಿ ಹತ್ರ ತಗೊಂಡ್ ಹೋದ್ರು. ಅಷ್ಟೂ ಗೊತ್ತಾಗಲ್ವಾ? ನಮ್ ಅಂಗ್ಡಿಗೆ ಪಲಮನೇರಿಂದ ಬರೋರ ಹತ್ರ ತೆಲುಗು, ಕೃಷ್ಣಗಿರಿಯೋರ ಹತ್ರ ತಮಿಳು, ನಿಮ್ ಹತ್ರ ಕನ್ನಡ, ಮನೇಲಿ ನಮ್ದು. ಯಾರ್ ಮಿಸ್ ನನಗೆ ತೆಲುಗಿಗೆ ಗೈಡ್ ಕೊಟ್ಟೋರು? ಏಳನೇ ಉತ್ತರ ಹೇಳು ಅಂತ ಯಾವ್ ಡ್ರೈವರ್ ಕೇಳ್ದ?"

"ಹಾಗಾದ್ರೆ ನಾಲ್ಕನೇ ಪ್ರಶ್ನೆ?"

"ಜೊತೇಲಿ ಯಾರಿದಾರೆ ಅಂದ್ರು. ಹೌದು, ಇದಾರೆ ಅನ್ನೋಣ ಅಂತಿದ್ದೆ." ನಾಹಿದ್ ಅನ್ನ ಕಲೆಸುವುದನ್ನು ನಿಲ್ಲಿಸಿದಳು. "ಸಾರ್ ಕೈ ನೋಡ್ದೆ. ಹೇಳಿದ್ ಮಾತು ಕೇಳ್ದಿದ್ರೆ ಲಿಸ್ಟಿಂದ ತೆಗೀತಾರೆ ಅಂತ ಭಯ. ಕೇಳಿದ್ದಕ್ಕೂ ತೆಗೆದ್ರು."

"ಅಯ್ಯೋ ದೇವುಡಾ" ಎಂದು ಸುನಂದ ಹಣೆ ಚಚ್ಚಿಕೊಂಡಳು. "ಒಳಗೇ ಕಳ್ಳ ನಿಂತಿದ್ರೆ, ಮನೇಲಿ ಐದ್ ಜನ ಇದೀವಿ ಅಂದ್ಯಲ್ಲೇ!"

ಮೂವರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ನಾಹಿದ್ ಅಳುತ್ತಿದ್ದಳು.

ತಾರಸಿಯ ಪಾಠ ಶುರುವಾದದ್ದು ಹಾಗೆ. ಡಬ್ಬಿ ಬಿಚ್ಚಿದಾಗಿನಿಂದ ಮುಚ್ಚುವವರೆಗೆ ಕನ್ನಡ, ತೆಲುಗು, ಉರ್ದು ಯಾವುದೂ ಇಲ್ಲ. ಮಾತು ಬಾರದಿದ್ದರೆ ಕೈ ಆಡಿಸಬಹುದು, ತಪ್ಪಿದರೆ ತಪ್ಪಬಹುದು, ಸುಮ್ಮನಿರುವುದು ಮಾತ್ರ ಕೂಡದು. ಪುಸ್ತಕವಿಲ್ಲ, ನಂಬರಿಲ್ಲ. ಉಪ್ಪಿನಕಾಯಿ ಬೇಕಾದವಳು ಅದನ್ನು ಕೇಳಲೇಬೇಕು. ಶ್ರೀವಾಣಿಯ ದನಿ ಮೊದಲ ದಿನ ಟ್ಯಾಂಕಿನ ಆಚೆಗೂ ಹೋಗುತ್ತಿರಲಿಲ್ಲ, ನಾಲ್ಕನೆಯ ದಿನ ಕೆಳಗಿನ ಬೀದಿಯಿಂದ ಯಾರೋ ತಲೆಯೆತ್ತಿ ನೋಡಿದರು. ಸುನಂದ ಹಠಮಾರಿ ಮುದುಕನಾಗಿ ಗೋಣಿಚೀಲದ ಮೇಲೆ ಮಲಗಿ, ಮಾತ್ರೆ ಬೇಡ, ಗಂಜಿ ಬೇಡ, ನೀನೂ ಬೇಡ ಎಂದು "ನೋನ್ ವೋಲ್ಯೊ! ನೋನ್ ವೋಲ್ಯೊ!" ಅಂತ ಅರಚುತ್ತಿದ್ದಳು. ನಾಹಿದ್ ಸೊಂಟಕ್ಕೆ ದುಪಟ್ಟಾ ಬಿಗಿದು ಅವಳನ್ನು ಪುಸಲಾಯಿಸುತ್ತಿದ್ದಳು, ಗದರುತ್ತಿದ್ದಳು, ಮಾತು ಸಾಲದಿದ್ದಾಗ ಅರ್ಧ ಹಾಡುತ್ತಿದ್ದಳು.

"ನಮ್ ಮಾವನಿಗಿಂತ ಚೆನ್ನಾಗಿ ಹಠ ಮಾಡ್ತೀನಿ ಅಲ್ವಾ ಮಿಸ್?" ಎಂದು ಬಿಡುವು ಮುಗಿದ ಮೇಲೆ ಸುನಂದ ಕೇಳುತ್ತಿದ್ದಳು.

ಎರಡನೆಯ ವಾರ ಮಾಲೂರಿನ ಚಂದನ ಸೇರಿದಳು. ಕೇಂದ್ರಕ್ಕೆ ಬಂದು ಮೂರೇ ದಿನ, ಒಂದನೆಯ ಉತ್ತರವೂ ಬಾಯಿಪಾಠವಾಗಿರಲಿಲ್ಲ. ಅವಳ ಹತ್ತಿರ ಇದ್ದದ್ದು ಕೂರಿ, ಕಾಯಿರಿ, ಕುಡಿಯಿರಿ, ನೀರು, ನೋವು, ನಿಧಾನ ಇಂಥ ಹದಿನೈದು ಪದ. ಆ ಹದಿನೈದನ್ನೇ ಹಿಂದೆ ಮುಂದೆ ಮಾಡಿ, ಬಿದ್ದು ಮೊಣಕಾಲು ತರಚಿಕೊಂಡ ಮುದುಕನಾಗಿದ್ದ ಸುನಂದಳನ್ನು ಎಬ್ಬಿಸಿ, ಕೂರಿಸಿ, ನೀರು ಕುಡಿಸಿ, ಎಲ್ಲಿ ನೋವು ಎಂದು ಕೇಳಿ, ಡಾಕ್ಟರು ಬರುವ ತನಕ ಕಾಯಿಸಿದಳು. ಕೆಳಗಿನ ಹಾಲಿನಲ್ಲಿ ಎರಡು ತಿಂಗಳಿಂದ ಮಗ್ಗಿ ಹೇಳುತ್ತಿರುವವರಲ್ಲಿ ಒಬ್ಬಳಾದರೂ ಇಷ್ಟು ಮಾಡುತ್ತಾಳೆಯೇ? ಶ್ರೀವಾಣಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಯಿತು. ಇಷ್ಟು ಸುಲಭವಾದದ್ದನ್ನು ಇಷ್ಟು ದಿನ ಇವರಿಂದ ಬಚ್ಚಿಟ್ಟಿದ್ದೇವಲ್ಲ!

ಮುದುಕನ ಅರಚಾಟ ಕೆಳಗಿನ ಕೋಣೆಗೆ ಕೇಳಿಸದೆ ಇರುತ್ತದೆಯೇ? ಅರುಣ್‌ಕುಮಾರ್ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಚಂದನ ಏನೋ ತಪ್ಪಾಗಿ ಹೇಳಿ, ತಾನೇ ತಿದ್ದಿಕೊಳ್ಳುತ್ತಿದ್ದಳು.

"ಏನ್ರೀ ಶ್ರೀವಾಣಿ, ಹೊಸಬರ ನಾಲಿಗೇನೂ ಕೆಡಿಸ್ತಿದ್ದೀರಾ? ಇದೇನು ಪಾಠಾನಾ, ನಾಟಕದ ಕಂಪನೀನಾ?"

ಶ್ರೀವಾಣಿ ಬಗ್ಗಿ ಡಬ್ಬಿಯ ಮುಚ್ಚಳ ಹಾಕಿದಳು. ಸಂಜೆಗೆ ತಾರಸಿಯ ಬಾಗಿಲಿಗೆ ಬೀಗ ಬಿತ್ತು.

ಎರಡು ದಿನ ಬಿಟ್ಟು ನಾಹಿದ್‌ಳ ತಾಯಿಯನ್ನು ಕರೆಸಿದರು. ಗೌಹರ್ ಬೀ ನಂಗಲಿಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಬುರ್ಖಾದ ಮೇಲೆ ದಾರಿಯ ಧೂಳು, ಕೈಯಲ್ಲಿ ಕೇಂದ್ರದವರಿಗೆಂದು ತಂದಿದ್ದ ಬಿಸ್ಕತ್ತಿನ ಪೊಟ್ಟಣ. ಅರುಣ್‌ಕುಮಾರ್ ಅದನ್ನು ಮೇಜಿನ ಮೇಲಿಡಿಸಿಕೊಂಡರು, ಕೂರಲು ಮಾತ್ರ ಹೇಳಲಿಲ್ಲ. ನಾಹಿದ್ ತಾಯಿಯ ಪಕ್ಕದಲ್ಲಿ ನಿಂತಿದ್ದಳು. ಹಾಲಿನಲ್ಲಿದ್ದ ಹುಡುಗಿಯರು ಪುಸ್ತಕ ನೋಡುವ ನೆಪದಲ್ಲಿ ಕಿವಿ ಇಲ್ಲೇ ಇಟ್ಟಿದ್ದರು.

"ನೋಡೀಮ್ಮಾ, ನಾನು ಯಾರಿಗೂ ಮೋಸ ಮಾಡೋನಲ್ಲ" ಎಂದು ಅರುಣ್‌ಕುಮಾರ್ ಮೆತ್ತಗೆ ಹೇಳಿದರು. ಅವರ ಮೆತ್ತಗಿನ ದನಿಯೇ ಶ್ರೀವಾಣಿಗೆ ಹೆಚ್ಚು ಅಸಹ್ಯವಾಯಿತು. "ನಿಮ್ ಮಗಳಿಗೆ ಭಾಷೆ ಹತ್ತಲ್ಲ. ಕೆಲವರಿಗೆ ಹತ್ತಲ್ಲ, ಅದು ದೇವರಿಚ್ಛೆ. ಅಲ್ಲಿಯವರು ಏನೋ ಕೇಳಿದ್ರೆ ಇವಳು ಇನ್ನೇನೋ ಹೇಳ್ತಾಳೆ. ಇಂಥವರನ್ನ ಮತ್ತೆ ಕಳಿಸಿದ್ರೆ ಬೇರೆ ಹುಡುಗೀರ ಹೆಸರೂ ಹಾಳು. ಅದಕ್ಕೇ ಏಜೆನ್ಸಿಗೆ ಒಂದು ಕಾಗದ ಬರೀತಿದ್ದೀನಿ."

ಗೌಹರ್ ಬೀ ಮಗಳ ಕಡೆ ತಿರುಗಿದರು. "ಕ್ಯಾ ಬೋಲ್ರೈಂ ಇನೋ?" ಏನಂತಾರೆ ಇವರು ಎಂದು ಕೇಳಿದ್ದು. ಕನ್ನಡ ತಿಳಿಯದೆ ಅಲ್ಲ, ತಿಳಿದಿದ್ದನ್ನು ನಂಬಲಾಗದೆ.

ನಾಹಿದ್ ತಾಯಿಯ ಬುರ್ಖಾದ ಧೂಳು ಕೊಡವತೊಡಗಿದಳು.

"ನಾಲ್ಕು ಭಾಷೇಲಿ ಜಗಳ ಆಡೋ ಹುಡುಗಿ ಸಾರ್ ಇವಳು" ಎಂದರು ಗೌಹರ್ ಬೀ. "ಐದನೇದು ಹ್ಯಾಗೆ ಹತ್ತಲ್ಲ?"

"ಜಗಳ ಬೇರೆ, ಭಾಷೆ ಬೇರೆಮ್ಮ." ಅರುಣ್‌ಕುಮಾರ್ ಟೈಪು ಮಾಡಿಸಿದ ಹಾಳೆಯನ್ನು ಶ್ರೀವಾಣಿಯ ಕಡೆ ತಳ್ಳಿದರು. "ನನ್ ಮಾತು ನಂಬ್ಬೇಡಿ. ಇವ್ರು ಇಟಾಲಿಯನ್ ಡಿಪ್ಲೊಮಾ ಮಾಡಿರೋ ಟೀಚರು. ಇವ್ರೇ ಸೈನ್ ಹಾಕ್ತಾರೆ. ಹಾಕ್ರೀ."

ಶ್ರೀವಾಣಿ ಹಾಳೆ ಓದಿದಳು. ಈ ಅಭ್ಯರ್ಥಿಗೆ ಪ್ರಶ್ನೆಯನ್ನು ಗ್ರಹಿಸುವ ಶಕ್ತಿ ಇಲ್ಲ, ಇವರನ್ನು ಮುಂದಿನ ಸಂದರ್ಶನಗಳಿಗೆ ಪರಿಗಣಿಸಬಾರದು ಎಂದಿತ್ತು. ಕೆಳಗೆ ಅವಳ ಹೆಸರು, ಹೆಸರಿನ ಮೇಲೆ ಚುಕ್ಕೆಗಳ ಸಾಲು. ಈ ಕಾಗದ ಹೋದರೆ ಏಜೆನ್ಸಿಯವರು ನಾಹಿದ್‌ಳ ಹೆಸರನ್ನು ಶಾಶ್ವತವಾಗಿ ಹೊಡೆದುಹಾಕುತ್ತಾರೆ. ಬೆರಳಿನ ವಿಷಯ ಅವರಿಗೆ ಎಂದೂ ತಿಳಿಯುವುದಿಲ್ಲ. ಸಂದರ್ಶನದ ದಿನ ಆ ಕೋಣೆಯಲ್ಲಿದ್ದವರು ಮೂವರು. ಒಬ್ಬರಿಗೆ ಭಾಷೆ ಬಾರದು, ಇನ್ನೊಬ್ಬಳ ಮಾತನ್ನು ಯಾರೂ ನಂಬುವುದಿಲ್ಲ.

"ಬೇಗ ಹಾಕ್ರೀ, ಕೊರಿಯರ್‌ನೋನು ಬರ್ತಾನೆ. ಇವ್ರು ಹಿಂಗೇಮ್ಮ, ಮಾತು ಕಮ್ಮಿ, ಪಾಪ" ಎಂದು ಅರುಣ್‌ಕುಮಾರ್ ನಕ್ಕರು. "ಮಾತಾಡೋ ಟೀಚರ್‌ಗಿಂತ ಮಾತಾಡದ ಟೀಚರ್ ಲಕ್ಷಣ."

ಶ್ರೀವಾಣಿ ಪೆನ್ನಿನ ಮುಚ್ಚಳ ತೆಗೆದಳು. ಇದನ್ನು ಸಂಜೆ ಬಸ್ಸಿನಲ್ಲಿ ಕೂತು ಎಷ್ಟು ಚೆನ್ನಾಗಿ ಬರೆಯಬಲ್ಲೆ ಎಂದು ಅವಳಿಗೆ ಗೊತ್ತಿತ್ತು. ಎರಡು ಪುಟ, ಮೂರು ಪುಟ, ಗೆರೆ ಎಳೆದು, ಹಾಳೆ ಹರಿಯುವ ಹಾಗೆ. ಬರೆದು, ಚೀಲದಲ್ಲಿ ಹಾಕಿಕೊಂಡು, ಮನೆಗೆ ಹೋಗಿ ಸಾರು ಕುದಿಸಬಹುದು. ಗೌಹರ್ ಬೀ ಮಾತ್ರ ಮಗಳನ್ನು ಕರೆದುಕೊಂಡು ನಂಗಲಿಯ ಬಸ್ಸು ಹತ್ತುತ್ತಾರೆ, ಮಗಳ ತಲೆಯಲ್ಲಿ ಏನೋ ಕೊರತೆ ಇದೆ ಎಂದು ನಂಬಿಕೊಂಡು. ನಾಹಿದ್ ಕೂಡ ಇನ್ನೊಂದು ವರ್ಷಕ್ಕೆ ಅದನ್ನು ನಂಬಿಬಿಡುತ್ತಾಳೆ.

ಅವಳು ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟಳು. ಗೌಹರ್ ಬೀಯ ಮುಖ ನೋಡಿದಳು.

"ಅಮ್ಮಾ" ಎಂದಳು. ಹಾಲಿನಲ್ಲಿ ಪುಟ ತಿರುವುವ ಸದ್ದು ನಿಂತಿತು.

"ಏನ್ರೀ?" ಎಂದರು ಅರುಣ್‌ಕುಮಾರ್.

"ನಾಹಿದ್‌ಗೆ ಪ್ರಶ್ನೆ ಅರ್ಥ ಆಗಿತ್ತಮ್ಮ. ಸರಿಯಾದ ಉತ್ತರಾನೂ ಬಾಯಿಗೆ ಬಂದಿತ್ತು. ಈ ಸಾರು ಲ್ಯಾಪ್‌ಟಾಪ್ ಹಿಂದೆ ನಿಂತು, ನಾಲ್ಕು ಬೆರಳು ತೋರಿಸಿ, ಅದನ್ನ ನುಂಗಿಸಿದ್ರು. ನಾನು ಅಲ್ಲೇ ನಿಂತು ನೋಡ್ತಿದ್ದೆ."